ಗೇಟಿನ ಅಕ್ಕಪಕ್ಕ

ಗೇಟಿನ ಬಲಗಡೆಯ ವೃತ್ತವನ್ನು ಮತ್ತೊಮ್ಮೆ ಅಳಿಸುವ ಹೊತ್ತಿಗೆ ಕಾಗದ ಅಲ್ಲಿ ಸವೆದು ನೂಲು ನೂಲಾಗಿತ್ತು. ಗಿರಿಯಪ್ಪ ರಬ್ಬರಿನ ಪುಡಿಯನ್ನು ಊದಿ, ತೊಡೆಯ ಮೇಲಿನ ಹಲಗೆಯನ್ನು ದೂರ ಹಿಡಿದು ನೋಡಿದ. ಎಂಜಿನಿಯರ ಕಚೇರಿಯಲ್ಲಿ ಕಂಡವರ ಸೇತುವೆ, ಶಾಲೆ, ಆಸ್ಪತ್ರೆಗಳ ನಕ್ಷೆ ಬರೆದು ಬರೆದು ಬೆರಳು ಜಡ್ಡುಗಟ್ಟಿದ ಮನುಷ್ಯ, ತನ್ನ ಮನೆಯ ಮುಂದಿನ ಕಂಬಳಿಯಗಲದ ಅಂಗಳಕ್ಕೆ ಗಿಡ ಹೊಂದಿಸಲಾರದೆ ಭಾನುವಾರ ಬೆಳಗ್ಗೆಯಿಂದ ಒದ್ದಾಡುತ್ತಿದ್ದಾನೆ ಅಂದರೆ ಯಾರಾದರೂ ನಗುತ್ತಾರೆ. ಉಳಿದದ್ದೆಲ್ಲ ತಕರಾರಿಲ್ಲದೆ ಕೂತಿತ್ತು. ಕಾಂಪೌಂಡಿನ ಉದ್ದಕ್ಕೆ ಗೋರಂಟಿ ಬೇಲಿ. ಕಿಟಕಿಯ ಕೆಳಗೆ ಕ್ರೋಟನ್. ಮೂಲೆಗೆ ಕರಿಬೇವು, ಅದು ಹೆಂಡತಿ ತಿಪ್ಪಮ್ಮನ ಹಟ. ನಡುವೆ ಹುಲ್ಲು, ದುರ್ಗದ ಈ ಗರಸು ನೆಲದಲ್ಲಿ, ನಲ್ಲಿಯಲ್ಲಿ ನೀರು ಬಂದದ್ದೇ ಪುಣ್ಯ ಅನ್ನುವ ಬಡಾವಣೆಯಲ್ಲಿ ಹುಲ್ಲು ಹಸಿರಾಗಿ ನಿಲ್ಲುವುದು ಅಷ್ಟರಲ್ಲೇ ಇದೆ, ಆದರೂ ಇರಲಿ ಅಂತ ಬರೆದಿದ್ದ. ಗೇಟಿನಿಂದ ಮೆಟ್ಟಿಲವರೆಗೆ ದಾರಿ, ದಾರಿಯ ಅಂಚಿಗೆ ಓರೆಯಾಗಿ ನೆಟ್ಟು ಸುಣ್ಣ ಬಳಿದ ಇಟ್ಟಿಗೆ. ಇಷ್ಟೆಲ್ಲ ಆದ ಮೇಲೆ ಗೇಟಿನ ಅಕ್ಕಪಕ್ಕ ಎರಡು ವೃತ್ತ. ಆ ವೃತ್ತಗಳಲ್ಲಿ ಏನು ಕೂರಬೇಕು ಅಂತ ಅವನು ಯೋಚಿಸಬೇಕಾಗಿಯೇ ಇರಲಿಲ್ಲ. ಅದು ನಿನ್ನೆ ಸಂಜೆಯೇ ಕಚೇರಿಯ ಜೀಪಿನಲ್ಲಿ ಬಂದು ಇಳಿದಿತ್ತು.

ಎರಡು ಕುಂಡ, ಒಂದೊಂದರಲ್ಲಿ ಮೊಣಕಾಲೆತ್ತರದ ಒಂದು ಗಿಡ, ನಡುವಿನಿಂದ ಚಿಮ್ಮಿ ನಾಲ್ಕೂ ಕಡೆಗೆ ಬಾಗಿದ ಗರಿಗಳು. ಪಾಮ್ ಅಂತ, ಕಲ್ಕತ್ತೆಯ ಕಡೆಯದಂತೆ. ಎಂಜಿನಿಯರ್ ಮುರುಗೇಶಪ್ಪನವರಿಗೆ ಗಿಡದ ಹುಚ್ಚು. ವರ್ಗವಾದಲ್ಲೆಲ್ಲ ಪಾತ್ರೆಪಡಗಗಳಿಗಿಂತ ಮುಂಚೆ ಕುಂಡಗಳನ್ನು ಲಾರಿಗೆ ಹತ್ತಿಸುವವರು. ತಮ್ಮ ಬಂಗಲೆಯ ಗೇಟಿಗಿರುವಂಥ ಜೋಡಿಯನ್ನೇ ಕೈಕೆಳಗಿನ ನಕ್ಷೆ ಬರೆಯುವವನ ಮನೆಗೆ ಕಳಿಸುವುದೆಂದರೆ ಸಣ್ಣ ಮಾತೇ? ಕಳಿಸುವ ಸುದ್ದಿ ಕೇಳಿಯೇ ಪಕ್ಕದ ಮೇಜಿನ ಅಂಜನಪ್ಪ ಹೊಟ್ಟೆ ಉರಿದುಕೊಂಡು ಶನಿವಾರವಿಡೀ ಮಾತಾಡಿರಲಿಲ್ಲ. ಗಿರಿಯಪ್ಪನೂ ಹಿಗ್ಗಿದ್ದ. ಕುಂಡ ಇಳಿಸಿಕೊಳ್ಳುವಾಗ ಗರಿಯ ಬುಡದ ಮುಳ್ಳು ಅಂಗೈಗೆ ಚುಚ್ಚುವವರೆಗೆ ಹಿಗ್ಗಿದ್ದ. ಚುಚ್ಚಿದ ಮೇಲೆ ಬಗ್ಗಿ ನೋಡಿದ. ಕಲ್ಕತ್ತೆಯದೋ ಕಾಶಿಯದೋ, ಅದು ಈಚಲು.

ಈಚಲು ಅವನ ಹಟ್ಟಿಯ ಜನಕ್ಕೆ ಆಗದು. ಅವರು ಮ್ಯಾಸರು, ದನದ ಹಿಂದೆ ಹುಟ್ಟಿ ದನದ ಹಿಂದೆ ಸಾಯುವವರು, ಅವರ ಕಟ್ಟುಗಳು ಅವರಿಗೆ. ಹೆಂಡ ಕುಡಿಯುವ ಮಾತು ಅತ್ತ ಇರಲಿ, ಆ ಮರವನ್ನು ಮುಟ್ಟುವಂತಿಲ್ಲ, ಅದರ ನೆರಳಿಗೆ ಕೂರುವಂತಿಲ್ಲ, ಅದರ ಕಡ್ಡಿಯ ಪೊರಕೆ ಹೊಸಿಲು ದಾಟುವಂತಿಲ್ಲ. ಯಾಕೆ ಅಂದರೆ ಒಬ್ಬೊಬ್ಬ ಮುದುಕ ಒಂದೊಂದು ಕಥೆ ಹೇಳುತ್ತಾನೆ, ಒಂದರ ಹಾಗೆ ಇನ್ನೊಂದಿಲ್ಲ. ಗೊತ್ತಿಲ್ಲದೆ ಮುಟ್ಟಿದವರಿಗೆ ತಲೆಯ ಮೇಲೆ ನೀರು, ದೇವರ ಮುಂದೆ ಒಂದು ಮಾತು, ಅಲ್ಲಿಗೆ ಮುಗಿಯಿತು. ಗೊತ್ತಿದ್ದು ಮುಟ್ಟಿದವರು ದೇವರ ಗುಡಿಸಲಿನ ಹತ್ತಿರ ಸುಳಿಯುವಂತಿಲ್ಲ. ಗಿರಿಯಪ್ಪನಿಗೆ ಇದರಲ್ಲೆಲ್ಲ ನಂಬಿಕೆ ಹೋಗಿ ಕಾಲವಾಗಿತ್ತು. ದುರ್ಗದ ಹಾಸ್ಟೆಲಿನಲ್ಲಿದ್ದಾಗ ಕಸ ಗುಡಿಸುವ ಸರದಿ ಇವನದು ಬಂದ ದಿನ ವಾರ್ಡನ್ ಕೈಗಿಟ್ಟದ್ದು ಈಚಲ ಪೊರಕೆಯನ್ನೇ. ಹುಡುಗರೆಲ್ಲ ನೋಡುತ್ತಿದ್ದರು. ಹಿಡಿದ, ಗುಡಿಸಿದ. ಕೈ ಉದುರಿ ಬೀಳಲಿಲ್ಲ, ರಕ್ತ ಕಾರಲಿಲ್ಲ, ಆ ವರ್ಷ ಪರೀಕ್ಷೆಯನ್ನೂ ಚೆನ್ನಾಗಿಯೇ ಪಾಸು ಮಾಡಿದ. ಹಾಗಾಗಿ ಮರದ ಭಯ ಅವನಿಗಿಲ್ಲ. ಅವನ ಭಯ ಇಬ್ಬರದು. ಒಬ್ಬರು ಗಿಡ ಕೊಟ್ಟವರು. ಇವತ್ತು ಸಂಜೆ ಹೆಂಡತಿಯನ್ನು ಕರೆದುಕೊಂಡು, ನೆಡುವುದನ್ನು ಕಣ್ಣಾರೆ ನೋಡುತ್ತೇವೆ ಅಂತ ಬರುವವರು. ಇನ್ನೊಬ್ಬಳು ಅಕ್ಕ ಓಬಮ್ಮ. ಹಿರೇಗುಂಟನೂರಿನಾಚೆಯ ಹಟ್ಟಿಯಿಂದ ಇವತ್ತೇ ಮಧ್ಯಾಹ್ನದ ಬಸ್ಸಿಗೆ ಬರುವವಳು.

ಅಕ್ಕ ಅಂದರೆ ಬರೀ ಅಕ್ಕ ಅಲ್ಲ. ಅವ್ವ ತೀರಿಕೊಂಡಾಗ ಇವನು ಇನ್ನೂ ತೆವಳುತ್ತಿದ್ದ. ಎತ್ತಿದವಳು, ಉಣ್ಣಿಸಿದವಳು, ಬೆನ್ನಿಗೆರಡು ಬಿಟ್ಟು ಶಾಲೆಗೆ ಅಟ್ಟಿದವಳು ಎಲ್ಲ ಅವಳೇ. ಶಾಲೆಯ ದಾರಿಯಲ್ಲೊಂದು ಹಳ್ಳ, ಹಳ್ಳದ ತುಂಬ ಈಚಲು. ಊರವರ ಮಕ್ಕಳೆಲ್ಲ ಹಳ್ಳಕ್ಕಿಳಿದು ನೆಟ್ಟಗೆ ಹೋದರೆ ಅವಳು ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ದಿಬ್ಬ ಹತ್ತಿ, ಸುತ್ತು ಬಳಸಿ, ಗಾಳಿಗೆ ಹಾರಿಬಂದು ಬಿದ್ದ ಒಂದು ಗರಿಯೂ ಕಾಲಿಗೆ ತಾಗದ ಹಾಗೆ ದಾಟಿಸುತ್ತಿದ್ದಳು. ಹೆಗಲ ಮೇಲಿಂದ ಇವನಿಗೆ ಹಣ್ಣಿನ ಗೊಂಚಲು ಕಾಣುತ್ತಿತ್ತು, ಹುಡುಗರು ತಿಂದು ಬೀಜ ಉಗುಳುವುದು ಕಾಣುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು. ಮದುವೆಯಾಗಿ ಹೋದವಳು ಗಂಡ ಸತ್ತ ಮೇಲೆ ಹಟ್ಟಿಗೇ ಮರಳಿದಳು. ಮರಳಿದವಳಿಗೆ ದೇವರ ಹಸುಗಳ ಬೆಣ್ಣೆ ಕಾಯಿಸಿ ದೇವರ ದೀಪಕ್ಕೆ ಮೀಸಲು ತುಪ್ಪ ಒದಗಿಸುವ ಕೆಲಸ ಒಪ್ಪಿಸಿದರು. ಅದು ಎಲ್ಲರಿಗೂ ಸಿಗುವ ಕೆಲಸವಲ್ಲ, ನೇಮ ತಪ್ಪದವರಿಗೆ ಮಾತ್ರ. ಹಟ್ಟಿಯಲ್ಲಿ ಗಂಡಸರು ಕೂತ ಕಡೆ ಅವಳು ಹಾದು ಹೋದರೆ ಮಾತು ನಿಲ್ಲಿಸುತ್ತಾರೆ. ಮಕ್ಕಳಿಲ್ಲ, ಹೊಲವಿಲ್ಲ, ಅವಳಿಗೆ ಇರುವುದು ಅದೊಂದೇ.

ಗಿರಿಯಪ್ಪನಿಗೆ ಅದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಹೋದಾಗಲೆಲ್ಲ ಬಾ ಅಕ್ಕ, ನನ್ನ ಜೊತೆ ಬಂದು ಇದ್ದುಬಿಡು ಅಂತ ಕರೆಯುತ್ತಿದ್ದ. ಅವಳು ದೀಪ ಯಾರು ನೋಡ್ತಾರಪ್ಪ ಅಂತ ಅಷ್ಟಕ್ಕೇ ಮುಗಿಸುತ್ತಿದ್ದಳು. ಮನೆ ಕಟ್ಟುವಾಗ ಪೂರ್ವದ ಕೋಣೆಗೆ ನೆಲದ ಹತ್ತಿರಕ್ಕೆ ಬರುವ ಕಿಟಕಿ ಇಡಿಸಿದ್ದು ಅವಳಿಗೆಂದೇ, ಅವಳು ನೆಲದ ಮೇಲೆ ಕೂತೇ ಬೀದಿ ನೋಡುವವಳು ಅಂತ. ಗೃಹಪ್ರವೇಶಕ್ಕೂ ಬರಲಿಲ್ಲ. ಬೇರೆಯವರು ಬಂದರು, ಉಂಡರು, ಹೊಗಳಿದರು. ಇವನಿಗೆ ಮಾತ್ರ ಯಾರದೋ ಮನೆಯಲ್ಲಿ ಓಡಾಡುತ್ತಿದ್ದ ಹಾಗಿತ್ತು. ಈಗ ಕೆಲಸವನ್ನು ನೆರೆಯ ಈರಕ್ಕನಿಗೆ ನಾಲ್ಕು ದಿನಕ್ಕೆ ಒಪ್ಪಿಸಿ ಮನೆ ನೋಡಲು ಬರುತ್ತೇನೆ ಅಂತ ಹೇಳಿ ಕಳಿಸಿದ್ದಳು. ಒಂದು ಸಲ ಬಂದು ಆ ಕಿಟಕಿಯ ಹತ್ತಿರ ಕೂತರೆ ಮನಸ್ಸು ತಿರುಗಬಹುದು, ವರ್ಷದಲ್ಲಿ ಆರು ತಿಂಗಳಾದರೂ ಇದ್ದಾಳು ಎಂದು ಇವನ ಆಸೆ. ಅಂಥವಳು ಗೇಟಿನ ಹತ್ತಿರ ನಿಂತು ಎರಡು ಈಚಲ ಗಿಡ ನೋಡಿ ಬಂದ ದಾರಿಯಲ್ಲೇ ತಿರುಗಿ ಹೋದರೆ? ಹೋಗುತ್ತಾಳೆ. ಬಯ್ಯುವುದೂ ಇಲ್ಲ, ಸುಮ್ಮನೆ ಹೋಗುತ್ತಾಳೆ. ಆಮೇಲೆ ಈ ಮನೆಗೆ ಅವಳು ಯಾವತ್ತೂ ಬರುವುದಿಲ್ಲ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಒಳಗೆ ಹೋದ.

ಒಳಗೆ ತಿಪ್ಪಮ್ಮ ಅಕ್ಕಿ ಆರಿಸುತ್ತಿದ್ದಳು. ಹಿರಿಯೂರಿನ ಪೇಟೆಯಲ್ಲಿ ಬೆಳೆದವಳು, ಅವನ ಜನದ ಪೈಕಿಯವಳೇ. ನಿನ್ನೆ ಕುಂಡ ಕಂಡ ಕೂಡಲೇ ಹಿತ್ತಲಿಗೆ ಒಯ್ಯಿಸಿ ಗೋಣಿ ಹೊದಿಸಿದ್ದಳು. ಅವಳದು ಒಂದೇ ಮಾತು: ಸಾಹೇಬರಿಗೆ ಹೇಳಿಬಿಡಿ, ನಮ್ಮಲ್ಲಿ ಆಗಿಬರುವುದಿಲ್ಲ ಅಂತ, ಅವರೇನು ನುಂಗಿಬಿಡುತ್ತಾರಾ? ಎಷ್ಟು ಸಲೀಸು! ಸಲೀಸಾದ ಮಾತಾದ್ದರಿಂದಲೇ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗಲೂ ಅದನ್ನೇ ಅಂದಳು. ನಿನಗೇನು ಗೊತ್ತು, ಬಾಯಿ ಮುಚ್ಚು ಅಂತ ಹೇಳಿ ನೀರು ಕುಡಿದು ಬಂದ. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ, ಪಾಪ. ಮಾರಿಕಣಿವೆ ಡ್ಯಾಮಿನ ಹತ್ತಿರ ಕಚೇರಿಯವರೆಲ್ಲ ಊಟಕ್ಕೆ ಕೂತ ದಿನ ಹುಣಸೆಮರದ ಕೆಳಗೆ ಎರಡು ಪಂಕ್ತಿ. ಕೋಳಿ ತಿನ್ನುವವರದೊಂದು, ಆಚೆಗೆ ಮಾಂಸ ಮುಟ್ಟದ ಸಾಹೇಬರದೊಂದು. ಕೋಳಿಯೂ ಹಟ್ಟಿಯ ಕಟ್ಟಿಗೆ ಆಗದು; ಕುರಿ ಆದೀತು, ಕೋಳಿ ಆಗದು. ನಂಬಿಕೆ ಹೋಗಿದ್ದರೂ ನಾಲಿಗೆ ಇನ್ನೂ ಒಪ್ಪಿರಲಿಲ್ಲ. ನಾನು ಕೋಳಿ ತಿನ್ನಲ್ಲ ಅಂದ. ಅಂದದ್ದಷ್ಟೇ. ಮುರುಗೇಶಪ್ಪನವರ ಮುಖ ಅರಳಿತು. “ಬರ್ರಿ ಗಿರಿ, ಈ ಕಡೆ ಬರ್ರಿ. ನೀವು ನಮ್ಮೋರು ಅಂತ ಗೊತ್ತೇ ಇರ್ಲಿಲ್ಲ ನೋಡ್ರಿ” ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಸಾರ್, ಕುರಿ ತಿಂತೀನಿ, ಅನ್ನಬಹುದಿತ್ತು. ಯಾರೂ ಬಾಯಿಗೆ ಬೀಗ ಹಾಕಿರಲಿಲ್ಲ. ಆದರೆ ಎಲೆಗೆ ಹೋಳಿಗೆ ಬಡಿಸಿದ್ದರು, ಸಾಹೇಬರ ಕೈ ಇವನ ಭುಜದ ಮೇಲಿತ್ತು.

ಅಲ್ಲಿಂದ ಶುರುವಾದದ್ದು ಎಲ್ಲಿಗೋ ಹೋಯಿತು. ಬಂಗಲೆಗೆ ಕರೆದು ಕಾಫಿ ಕೊಟ್ಟರು. ಸಿಮೆಂಟು ಸಿಗದ ಕಾಲದಲ್ಲಿ ಪರ್ಮಿಟ್ಟಿಗೆ ಅವರೇ ಮಾತಾಡಿದರು. ಅವರ ಹೆಂಡತಿ ಮರುಳಸಿದ್ದಮ್ಮ ಹಬ್ಬಕ್ಕೆ ಹೋಳಿಗೆಯ ಡಬ್ಬಿ ಕಳಿಸಿದರು. ಇವನ ಮನೆಯಲ್ಲಿ ಕುರಿಯ ಸಾರು ಮಾಡಿದ ದಿನ ಕಿಟಕಿ ಹಾಕುವುದು ರೂಢಿಯಾಯಿತು, ಬರುಬರುತ್ತಾ ಸಾರು ಮಾಡುವುದೇ ನಿಂತಿತು. ತಿಪ್ಪಮ್ಮ ಕೇಳಿದ್ದಕ್ಕೆ ಹೊಟ್ಟೆಗೆ ಒಗ್ಗುತ್ತಿಲ್ಲ ಅಂದ. ಹೆಸರನ್ನಂತೂ ಮೊದಲೇ ಕತ್ತರಿಸಿಕೊಂಡಿದ್ದ. ಹಟ್ಟಿಯ ಮೂಡಲಗಿರಿಯಪ್ಪ ಕಚೇರಿಯಲ್ಲಿ ಬರೀ ಗಿರಿ. ಒಮ್ಮೊಮ್ಮೆ ಹಾಜರಿ ಹಾಕುವಾಗ ಎದೆ ಧಸಕ್ಕನ್ನುವುದು: ಸರ್ವಿಸ್ ಪುಸ್ತಕದಲ್ಲಿ ಜಾತಿ ಬರೆದೇ ಇದೆಯಲ್ಲ, ಸಾಹೇಬರು ನೋಡಿರಬಹುದಲ್ಲ, ನೋಡಿಯೂ ಏನೂ ಗೊತ್ತಿಲ್ಲದವರ ಹಾಗೆ ಇದ್ದಾರೋ? ಅಂಜನಪ್ಪ ಗುಂಡುಸೂಜಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಾ ಒಂದು ಥರ ನಗುತ್ತಾನೆ, ಅದಕ್ಕೆ ಅರ್ಥವೇನು? ಈಗ ಈಚಲು ನಮಗಾಗದು ಅಂತ ಬಾಯಿ ಬಿಟ್ಟರೆ ಯಾರಿಗೆ ಆಗದು, ಯಾಕೆ ಆಗದು ಅಂತ ಮಾತು ಎಳೆಯುತ್ತದೆ, ದುರ್ಗದಲ್ಲಿ ಅದು ಗೊತ್ತಿಲ್ಲದವರು ಯಾರು. ಸಾಹೇಬರು ಬಯ್ಯುವುದಿಲ್ಲ, ಒಳ್ಳೆಯವರು. ಓಹೋ, ಹಾಗಾ, ಅನ್ನುತ್ತಾರೆ. ಆ ಓಹೋ ಇವನಿಗೆ ಬೇಡವಾಗಿತ್ತು.

ಹಿತ್ತಲಿಗೆ ಹೋಗಿ ಗೋಣಿ ಸರಿಸಿದ. ಒಂದೊಂದೇ ಕುಂಡವನ್ನು ತಬ್ಬಿ ಹಿಡಿದು ಮುಂದಕ್ಕೆ ತಂದು ಗೇಟಿನ ಹತ್ತಿರ ಇಟ್ಟ. ಆಚೆ ಈಚೆ ನಿಂತು ನೋಡಿದ. ಹಾಳಾದ್ದು ಚೆನ್ನಾಗಿಯೇ ಕಾಣುತ್ತಿತ್ತು, ಬಂಗಲೆಯ ಗೇಟಿನ ಹಾಗೇ. ಮೃಗಶಿರ ಮಳೆ ಹುಟ್ಟಿ ದಿನವಾಗಿದ್ದರೂ ಹನಿ ಉದುರಿರಲಿಲ್ಲ, ಕೋಟೆಯ ಗುಡ್ಡದ ಕಡೆಯಿಂದ ಗಾಳಿ ಬೀಸಿ ಗರಿಗಳನ್ನು ಒಂದೇ ಸಮ ಅಲ್ಲಾಡಿಸುತ್ತಿತ್ತು. ಗುರುತು ಸಿಗುವುದು ಎಲ್ಲಿಂದ ಅಂತ ಯೋಚಿಸಿದ. ಮುಳ್ಳಿಂದ. ತೆಂಗಿಗೆ ಮುಳ್ಳಿಲ್ಲ. ಅಡಕತ್ತರಿ ತಂದು ಕುಕ್ಕರಗಾಲಲ್ಲಿ ಕೂತು ಗರಿಯ ಬುಡದ ಮುಳ್ಳುಗಳನ್ನು ಕತ್ತರಿಸತೊಡಗಿದ. ಎಳೆಯ ಮುಳ್ಳು, ಟಕ್ ಟಕ್ ಎಂದು ಸುಲಭವಾಗಿ ತುಂಡಾಗುತ್ತಿತ್ತು. ಪಕ್ಕದ ಮನೆಯಾಕೆ ಬಟ್ಟೆ ಹರವುತ್ತಾ ಇತ್ತ ನೋಡಿದಾಗ ಗಿಡಕ್ಕೆ ಹುಳ ಬಿದ್ದಿದೆ ಅಂತ ಕೇಳದೆಯೇ ಹೇಳಿದ. ತಿಪ್ಪಮ್ಮ ಬಾಗಿಲಿಗೆ ಬಂದು ನಿಂತಳು, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಾಚಿಕೆಯಾಗುತ್ತಿತ್ತು ಅವನಿಗೆ, ಎಷ್ಟೆಂದರೆ ಕತ್ತು ಬಿಸಿಯಾಗಿತ್ತು, ಆದರೂ ಕೈ ನಿಲ್ಲಿಸಲಿಲ್ಲ. ಮುಳ್ಳಿನ ಚೂರುಗಳನ್ನು ಆರಿಸಿ ಕಾಗದದಲ್ಲಿ ಸುತ್ತುವಾಗ ಗೇಟಿನಾಚೆ ಯಾರೋ ನಿಂತ ಹಾಗಾಯಿತು.

ಓಬಮ್ಮ ಒಂದು ಬಸ್ಸು ಮುಂಚೆಯೇ ಬಂದಿದ್ದಳು. ತಲೆಯ ಮೇಲೆ ಗಂಟು, ಕಾಲಿಗೆ ಧೂಳು, ಬೆವರಿ ಮುಖ ಕಪ್ಪಿಟ್ಟಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಳಂತೆ. ಈ ಬಡಾವಣೆಯಲ್ಲಿ ಮೂಡಲಗಿರಿಯಪ್ಪನ ಮನೆ ಅಂತ ಎಷ್ಟು ಜನರನ್ನು ಕೇಳಿದರೂ ಒಬ್ಬರಿಗೂ ಗೊತ್ತಿಲ್ಲ. ಕಡೆಗೆ ಯಾರೋ ನಕ್ಷೆ ಬರೆಯುವ ಗಿರಿಯವರ ಮನೆಯೇ ಅಂತ ಕೈ ತೋರಿಸಿದರಂತೆ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಮನೆಯನ್ನು, ಕಿಟಕಿಗಳನ್ನು, ಬಾಗಿಲ ತೋರಣವನ್ನು ಸವರಿಕೊಂಡು ಇಳಿದು ಕುಂಡದ ಮೇಲೆ ನಿಂತಿತು. ಗಿರಿಯಪ್ಪ ಎದ್ದು ನಿಂತ. ಕಾಗದದ ಪೊಟ್ಟಣ ಕೈಯಲ್ಲೇ ಇತ್ತು.

“ಏನು ಗಿಡನಪ್ಪ ಇವು?”

“ತೆಂಗಿನ ಜಾತೀದು ಅಕ್ಕ. ಸಿಂಗಪುರದ್ದಂತೆ. ಕುಳ್ಳಗೇ ಇರ್ತವೆ. ಸಾಹೇಬ್ರು ಕೊಟ್ಟಿದ್ದು.”

“ಹೂಂ” ಎಂದಳು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ, ಎರಡು ಕುಂಡಗಳ ನಟ್ಟನಡುವೆ ಹೆಜ್ಜೆ ಇಟ್ಟು ಒಳಗೆ ಬಂದಳು. ಸೆರಗು ಸಿಕ್ಕಿಸಿದ್ದು ಗಾಳಿಗೆ ಎಂದುಕೊಂಡ ಅವನು. ಇಷ್ಟೇನಾ, ಇಷ್ಟಕ್ಕಾ ನಿನ್ನೆಯಿಂದ ಒದ್ದಾಡಿದ್ದು ಅನ್ನಿಸಿತು. ಮುದ್ದೆ ಉಂಡಳು, ಸೊಪ್ಪಿನ ಸಾರು ಚೆನ್ನಾಗಿದೆ ಅಂತ ತಿಪ್ಪಮ್ಮನಿಗೆ ಎರಡು ಸಲ ಹೇಳಿದಳು. ಪೂರ್ವದ ಕೋಣೆಯ ಕಿಟಕಿಯ ಹತ್ತಿರ ಕೂರಿಸಿದಾಗ ಕಾಲು ಚಾಚಿ, ಗೋಡೆಗೆ ಒರಗಿ, ಸರಳನ್ನು ಮುಟ್ಟಿ ನೋಡಿದಳು. ಈ ಕಿಟಕಿ ನಿನಗೇ ಇಡಿಸಿದ್ದು ಅಂದ. ಗೊತ್ತಾಯಿತು ಅಂತ ತಲೆಯಾಡಿಸಿ, ಬೀದಿಯ ಆಚೆ ಗೋಡೆಯ ಮೇಲೆ ಬರೆದಿದ್ದ ಕೆಂಪು ತ್ರಿಕೋನ ಏನು ಅಂತ ಕೇಳಿದಳು. ಕುಟುಂಬ ಯೋಜನೆಯವರದು ಅಂತ ನಾಚಿಕೊಂಡು ಹೇಳಿದ. ನಕ್ಕಳು. ಅವಳು ನಕ್ಕದ್ದು ನೋಡಿ ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಹಟ್ಟಿಯ ಸುದ್ದಿ ಹೇಳಿದಳು. ಈರಕ್ಕ ಬೆಣ್ಣೆ ಸೀದುಹಾಕಿದರೆ ಅಂತ ಅದೊಂದು ಚಿಂತೆ ಅವಳಿಗೆ. ಆರು ತಿಂಗಳಾದರೂ ಇರಬಾರದೇನಕ್ಕ ಅಂತ ಮತ್ತೆ ಎತ್ತಿದ. ಯಾವಾಗಿನ ಹಾಗೆ ದೀಪದ ಮಾತು ಬರಲಿಲ್ಲ. ನೋಡಾಣ ಬಿಡು ಅಂದಳು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಮಧ್ಯಾಹ್ನದ ಬಿಸಿಲಲ್ಲಿ ಹಾರೆ ಹಿಡಿದು ಗೇಟಿನ ಎರಡೂ ಕಡೆ ಗುಂಡಿ ತೋಡಿದ. ಹಾರೆ ಬಿದ್ದಲ್ಲೆಲ್ಲ ಗರಸು ನೆಲದಿಂದ ಕಿಡಿ ಹಾರುತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಕೆರೆಯ ಗೋಡುಮಣ್ಣು ತುಂಬಿ, ಗೊಬ್ಬರ ಬೆರೆಸಿ, ಪಾತಿ ಕಟ್ಟಿದ. ಕಿಟಕಿಯಿಂದ ಅಕ್ಕ ನೋಡುತ್ತಿದ್ದಾಳೆ ಅಂತ ಗೊತ್ತಿತ್ತು, ತಲೆ ಎತ್ತಲಿಲ್ಲ.

ಸಂಜೆ ಜೀಪು ಬಂತು. ಮುರುಗೇಶಪ್ಪನವರು ಇಳಿದವರೇ ಮನೆಯನ್ನು ನೋಡದೆ ಪಾತಿಯ ಮಣ್ಣನ್ನು ಹಿಸುಕಿ ನೋಡಿದರು. ಮರುಳಸಿದ್ದಮ್ಮ ಬುಟ್ಟಿಯಲ್ಲಿ ಕಾಯಿ, ಹಣ್ಣು, ಕುಂಕುಮ ತಂದಿದ್ದರು. ಆಕೆಗೆ ಗಿಡ ನೆಡುವುದೂ ಒಂದು ಪೂಜೆ. ತಿಪ್ಪಮ್ಮ ಕಾಫಿ ತಂದಳು. ಎಲ್ಲರೂ ವೆರಾಂಡದಲ್ಲಿ ಕೂತರು, ಓಬಮ್ಮ ಮಾತ್ರ ಕಂಬಕ್ಕೆ ಒರಗಿ ಕೆಳಗೆ ಕೂತಳು. ಬ್ಯಾಡ ಬಿಡ್ರಿ, ನಂಗೆ ಇಲ್ಲೇ ಹಿತ ಅಂದಳು. ಮರುಳಸಿದ್ದಮ್ಮ ಆಕೆಯ ಕಡೆಗೇ ತಿರುಗಿ ಕೂತು ಗಿರಿಯವರ ಬಗ್ಗೆ ಹೊಗಳತೊಡಗಿದರು: ಕಚೇರಿಯಲ್ಲಿ ಉಳಿದವರು ಹ್ಯಾಗೋ ಏನೋ, ಇವರು ಮಾತ್ರ ಮಾಂಸ ಮಡ್ಡಿ ಅಂದರೆ ಮಾರು ದೂರ, ನಮ್ಮವರೇ ಅಂತ ಗೊತ್ತಾದ ಮೇಲೆ ನಮಗೂ ಮನೆಯ ಹುಡುಗನ ಹಾಗೆ ಅಂತ. ಆಮೇಲೆ ಆಕೆ ಇಡೀ ದುರ್ಗದಲ್ಲಿ ಯಾರು ಸಿಕ್ಕರೂ ಕೇಳುವ ಮಾತನ್ನೇ, ಏನೂ ಕೆಟ್ಟದ್ದಿಲ್ಲದೆ, ನಗುನಗುತ್ತಾ ಕೇಳಿದರು: “ನಿಮ್ಮದು ಯಾವ ಮಠಕ್ಕೆ ನಡಕೊಳ್ಳೋದು ಅಕ್ಕೋರೇ?”

ಓಬಮ್ಮ ತಮ್ಮನ ಕಡೆ ನೋಡಿದಳು. ಅವನು ಕಾಫಿಯ ಲೋಟದೊಳಗೆ ನೋಡುತ್ತಿದ್ದ. ಚಿಕ್ಕವನಿದ್ದಾಗ ಒಮ್ಮೆ ಅವಳು ಪೇಟೆಗೆ ಕರೆತಂದಿದ್ದಾಗ ಇವನು ಚಡ್ಡಿಯಲ್ಲೇ ಮಾಡಿಕೊಂಡು ಜನರ ನಡುವೆ ಹೀಗೇ ನೆಲ ನೋಡುತ್ತಾ ನಿಂತಿದ್ದ. ಅವಳು ಯಾರಿಗೂ ಕಾಣದ ಹಾಗೆ ಸೆರಗು ಮುಚ್ಚಿ ಎತ್ತಿಕೊಂಡು ಹೋಗಿದ್ದಳು. ಅವನಿಗೆ ಅದು ಯಾಕೆ ಈಗ ನೆನಪಾಗಬೇಕು. “ನಮ್ಮದು ಹಟ್ಟಿ ಕಡೆ ಕಣಮ್ಮ” ಅಂದಳು ಓಬಮ್ಮ, ಅವಸರವಿಲ್ಲದೆ. “ದೇವರ ದೀಪದ ಕೆಲಸ ನಮ್ಮದು.” ಸುಳ್ಳೊಂದೂ ಇರಲಿಲ್ಲ ಅದರಲ್ಲಿ. ಪೂಜೆ ಮಾಡುವ ಮನೆತನ ಅಂತ ಮರುಳಸಿದ್ದಮ್ಮನಿಗೆ ಖುಷಿಯಾಯಿತು, ಗಂಡನಿಗೂ ಕೂಗಿ ಹೇಳಿದರು. ಗಿರಿಯಪ್ಪ ಬದುಕಿದೆ ಅಂದುಕೊಂಡ. ಬದುಕಿದೆ ಅಂದುಕೊಂಡದ್ದಕ್ಕೆ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಕಾಫಿ ಮುಗಿಸಿ ಆಗಲೇ ಗೇಟಿನ ಹತ್ತಿರ ಹೋಗಿದ್ದ ಮುರುಗೇಶಪ್ಪನವರು ಬಗ್ಗಿ ಗರಿಯ ಬುಡ ಹಿಡಿದು ನೋಡುತ್ತಿದ್ದರು. ಮುಳ್ಳೆಲ್ಲ ಯಾಕ್ರಿ ಸವರಿದ್ರಿ ಗಿರಿ, ಅದೇ ಅದರ ಅಂದ ಅಂತ ಕೇಳಿದರು. ಮಕ್ಕಳು ಓಡಾಡುತ್ತವೆ ಸಾರ್, ಅಂದ. ಮನೆಯಲ್ಲಿ ಮಕ್ಕಳಿರಲಿಲ್ಲ. ಅಕ್ಕನಿಗೆ ಕೇಳಿಸಿತೋ ಇಲ್ಲವೋ, ಅವಳು ಮೆಟ್ಟಿಲಿಳಿದು ಬರುತ್ತಿದ್ದಳು. ಕುಂಡ ಒಡೆದು, ಬೇರಿನ ಮುದ್ದೆಯ ಸಮೇತ ಮೊದಲನೆಯ ಗಿಡವನ್ನು ಪಾತಿಯ ಪಕ್ಕಕ್ಕಿಟ್ಟಾಯಿತು. ಗಿರಿಯಪ್ಪ ಎತ್ತಲು ಬಗ್ಗಿದ. ಮರುಳಸಿದ್ದಮ್ಮ ತಡೆದರು. “ಇರ್ರಿ ಇರ್ರಿ. ಹಿರೀಕರು ಇಲ್ಲೇ ಇದ್ದಾರಲ್ಲ. ದೀಪ ನೋಡೋ ಕೈ, ಅದರಷ್ಟು ಒಳ್ಳೇದು ಯಾವುದೈತೆ? ಅಕ್ಕೋರೇ, ನಿಮ್ಮ ಕೈಯಾರೆ ಎತ್ತಿ ಇಡ್ರಿ.”

ಅಕ್ಕ ಗಿಡವನ್ನು ನೋಡಲಿಲ್ಲ. ಇವನನ್ನೇ ನೋಡಿದಳು. ನೋಡುತ್ತಲೇ ನಿಂತಳು. ಬೇಡ ಅನ್ನಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ಅವಳ ಸೊಂಟ ನೋವು, ಬಗ್ಗುವುದಾಗುವುದಿಲ್ಲ ಅನ್ನಬಹುದಿತ್ತು, ಸುಳ್ಳಿಗೇನು ಬರ. ಸಾಹೇಬರು ಕೈಗೆ ಹತ್ತಿದ ಮಣ್ಣು ಕೊಡವುತ್ತಾ ಕಾಯುತ್ತಿದ್ದರು. ತಿಪ್ಪಮ್ಮ ನೀರಿನ ಕೊಡ ಹಿಡಿದವಳು ಹಾಗೇ ನಿಂತುಬಿಟ್ಟಿದ್ದಳು, ಅವಳ ತುಟಿ ಅಲ್ಲಾಡಿದ್ದು ಕಂಡು ಎಲ್ಲಿ ಬಾಯಿ ಬಿಟ್ಟುಬಿಡುತ್ತಾಳೋ ಅಂತ ಅವನು ಹೆದರಿದ. ಅದಕ್ಕಿಂತ ಮುಂಚೆ ತಾನೇ ಅಂದ.

“ಇಡಕ್ಕ. ತೆಂಗಿಂದೇ ಅಲ್ವಾ.”

ಓಬಮ್ಮ ಬಗ್ಗಿದಳು. ಎರಡೂ ಕೈಯಲ್ಲಿ ಗಿಡದ ಬುಡವನ್ನು, ಗರಿಗಳು ಮೊಣಕೈವರೆಗೆ ಸವರುವ ಹಾಗೆ ಅವುಚಿ ಎತ್ತಿ ಗುಂಡಿಗಿಳಿಸಿದಳು. ಮಣ್ಣೆಳೆದು, ಅಂಗೈಯಿಂದ ಸುತ್ತ ಒತ್ತಿ ಒತ್ತಿ ಕೂರಿಸಿದಳು. ನೀರು ಕೊಡು ಅಂತ ತಿಪ್ಪಮ್ಮನ ಕಡೆ ಕೈ ಚಾಚಿದಳು. ಎದ್ದು ದಾರಿ ದಾಟಿ ಹೋಗಿ ಎರಡನೆಯದನ್ನು ಯಾರೂ ಹೇಳದೆಯೇ ನೆಟ್ಟಳು. ನೆಟ್ಟಗೆ ನಿಂತಿದೆಯಾ ಅಂತ ಸಾಹೇಬರನ್ನು ಕೇಳಿದಳು. ನಕ್ಷೆ ಬರೆಯೋರಿಗಿಂತ ನಿಮ್ಮ ಕಣ್ಣೇ ನೆಟ್ಟಗೈತೆ ಅಂತ ಸಾಹೇಬರು ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಗಿರಿಯಪ್ಪನೂ ನಕ್ಕ. ಮರುಳಸಿದ್ದಮ್ಮ ಕಾಯಿ ಒಡೆದು ಎರಡೂ ಗಿಡಕ್ಕೆ ನೀರೆರೆದು, ಕುಂಕುಮ ಇಟ್ಟು, ಓಬಮ್ಮನ ಕಾಲು ಮುಟ್ಟಿ ನಮಸ್ಕರಿಸಿ ಜೀಪು ಹತ್ತಿದರು.

ಜೀಪಿನ ಧೂಳು ಅಡಗುವ ಮುಂಚೆಯೇ ಗಿರಿಯಪ್ಪ ಹಿತ್ತಲಿಗೆ ಓಡಿ ಒಲೆಗೆ ಸೌದೆ ತುರುಕಿದ. ಹಂಡೆಗೆ ನೀರು ತುಂಬಿದ, ಊದಿದ, ಹೊಗೆಗೆ ಕಣ್ಣಲ್ಲಿ ನೀರು ಬಂತು. ಅವಳಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಮುಟ್ಟಿದ್ದು, ನೆಪ ಹೇಳಿ ತಲೆಯ ಮೇಲೆ ನೀರು ಹಾಕಿಸಿಬಿಟ್ಟರೆ ಆಯಿತು, ಅಲ್ಲಿಗೆ ಸರಿಹೋಯಿತು ಅಂತ ಇದ್ದಕ್ಕಿದ್ದ ಹಾಗೆ ಹಟ್ಟಿಯ ಮುದುಕರ ಲೆಕ್ಕವನ್ನೇ ತಾನು ಹಾಕುತ್ತಿದ್ದಾನೆ ಅನ್ನುವುದು ಅವನ ಗಮನಕ್ಕೆ ಬರಲಿಲ್ಲ. ನೀರು ಬೆಚ್ಚಗಾಗುತ್ತಲೇ ಮುಂದಕ್ಕೆ ಬಂದ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನಲ್ಲಿಯಲ್ಲಿ ಕೈಯ ಮಣ್ಣಷ್ಟೇ ತೊಳೆದುಕೊಂಡಿದ್ದಳು. ಸಂಜೆಯ ಬೆಳಕು ಗುಡ್ಡದ ಬಂಡೆಗಳ ಮೇಲಿಂದ ಇಳಿಯುತ್ತಿತ್ತು.

“ಅಕ್ಕ, ನೀರು ಕಾದೈತೆ. ಬಸ್ಸಿನ ಧೂಳು. ತಲೆ ಮೇಲೆ ಒಂದೆರಡು ಚೊಂಬು ಹಾಕ್ಕಂಡು ಬಾ.”

“ಯಾಕಪ್ಪ? ತೆಂಗು ಮುಟ್ಟಿದ್ದಕ್ಕೆ ಯಾರಾದ್ರೂ ತಲೆ ಮೇಲೆ ನೀರು ಹಾಕ್ಕಂತಾರಾ?”

ಅವನು ಒಂದು ಮೆಟ್ಟಿಲು ಕೆಳಗೆ ಕೂತುಬಿಟ್ಟ. ಗೊತ್ತಿತ್ತಾ ಅಂತ ಕೇಳಿದ. “ಹುಟ್ಟಿದಾಗಿಂದ ಅದನ್ನ ತಪ್ಪಿಸ್ಕಂಡು ತಪ್ಪಿಸ್ಕಂಡು ನಡೆದೋಳು ನಾನು. ಮುಳ್ಳು ಸವರಿಬಿಟ್ರೆ ಗುರುತು ಸಿಗಲ್ವೇನಪ್ಪ?” ಸಿಟ್ಟಿರಲಿಲ್ಲ ಅವಳ ಮಾತಲ್ಲಿ. ಮತ್ತೆ ಯಾಕೆ ಮುಟ್ಟಿದೆ, ಆಗಲ್ಲ ಅನ್ನಬಾರದಾಗಿತ್ತಾ ಅಂತ ಅವನೇ ಸಿಟ್ಟಿಂದ ಕೇಳಿದ, ತಪ್ಪು ಅವಳದೇ ಅನ್ನುವ ಹಾಗೆ. “ನಿನ್ನ ಮುಖ ನೋಡಕ್ಕಾಗ್ಲಿಲ್ಲ ಕಣಪ್ಪ” ಅಂದಳು.

ಅವನು ಗಳಗಳ ಮಾತಾಡಿದ. ಹಟ್ಟಿಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಗೊತ್ತಾದರೂ ತಿಳಿಯದೆ ಮುಟ್ಟಿದೆ ಅನ್ನು, ನಾನೂ ಬಂದು ಹೇಳುತ್ತೇನೆ, ತೆಂಗು ಅಂತ ನಾನೇ ಸುಳ್ಳು ಹೇಳಿದ್ದು ಅಂತ ದೇವರ ಮುಂದೆ ಹೇಳುತ್ತೇನೆ. ನಾಳೆಯೇ ಎರಡನ್ನೂ ಕಿತ್ತು ಬಿಸಾಕುತ್ತೇನೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕಿತ್ತರೆ ನಾಳೆ ಆ ಅಮ್ಮ ಬಂದು ಕೇಳಿದರೆ ಏನು ಹೇಳುತ್ತೀಯ ಅಂದಳು. ತಿಪ್ಪಮ್ಮ ಒಳಗಿನಿಂದ ದೀಪ ಹಚ್ಚಿ ತಂದು ಹೊಸಿಲ ಪಕ್ಕ ಇಟ್ಟಳು. ಓಬಮ್ಮ ಕೈ ಮುಗಿಯಲು ಎತ್ತಿದವಳು, ಅರ್ಧಕ್ಕೇ ಇಳಿಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

“ತಿಳೀದೆ ಮುಟ್ಟಿದೆ ಅಂತ ದೇವರ ಮುಂದೆ ನಿಂತು ಹೇಳಕ್ಕೆ ನಂಗೆ ಬಾಯಿ ಬರಲ್ಲ. ಗೊತ್ತಿದ್ದೇ ಮುಟ್ಟಿದೆ ಅಂದ್ರೆ ಯಾರ ಮನೇಲಿ ಅಂತ ಕೇಳ್ತಾರೆ. ಈರಕ್ಕನೇ ನೋಡ್ಕಳ್ಳಿ ಬಿಡು ಆ ಕೆಲಸ. ಕಲೀತಾಳೆ.” ಸೆರಗಿಂದ ಮುಖ ಒರೆಸಿಕೊಂಡಳು. “ಎಷ್ಟೋ ವರ್ಸದಿಂದ ಕರೀತಾನೇ ಇದ್ದೆಯಲ್ಲ. ಬಂದಿದೀನಿ. ಇನ್ನ ಇಲ್ಲೇ ಇರ್ತೀನಿ.”

ಇರು ಅಕ್ಕ ಅನ್ನಬೇಕಾಗಿತ್ತು. ಎಷ್ಟು ವರ್ಷದಿಂದ ಈ ಮಾತು ಕೇಳಲು ಕಾದಿದ್ದ! ಹೋಗಿಬಿಡು, ಈಗಲೇ ಹೊರಡು, ನಿನ್ನ ಕೈಯಾರೆ ನನ್ನ ಕೆನ್ನೆಗೆ ಬಾರಿಸಿ ಹೋಗು ಅಂತ ಒಳಗೆಲ್ಲ ಕೂಗುತ್ತಿತ್ತು. ಒಳಗೆ ತಿಪ್ಪಮ್ಮ ಪೂರ್ವದ ಕೋಣೆ ಗುಡಿಸಿ ನಿಂತಿದ್ದಳು. ಹಾಸಿಗೆ ಹಾಕಲೋ, ಕಂಬಳಿ ಸಾಕೋ, ಮಲಗಲು ಏನು ಹಾಸಲಿ ಅಂತ ಅಳು ಬೆರೆತ ಸ್ವರದಲ್ಲಿ ಅಲ್ಲಿಂದಲೇ ಕೇಳಿದಳು. ಓಬಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು.

“ಯಾವ ಚಾಪೆ ಐತೋ ಅದನ್ನೇ ಹಾಕಮ್ಮ” ಅಂದಳು. “ಈಚಲ ಚಾಪೆ ಆದ್ರೂ ಆಗ್ತೈತೆ, ಇನ್ನ.”